ಬೆವರಿನ ಜಮಾ-ಖರ್ಚು

ಹಣದ ಲೆಕ್ಕದಲ್ಲಿ ಬಿಗಿಯಾಗಿರುವ ಮನುಷ್ಯ ಹೊಟ್ಟೆಯ ಲೆಕ್ಕದಲ್ಲಿಯೂ ಹಾಗೆಯೇ ಇರುತ್ತಾನೆಂದು ತಿಳಿಯುವುದು ತಪ್ಪು. ಎರಡು ರೂಪಾಯಿಯ ಚಿಲ್ಲರೆಗಾಗಿ ಅಂಗಡಿಯವನೊಡನೆ ಕಾಲು ತಾಸು ವಾದಿಸಿದವರೇ, ಎಲೆಯ ಮೇಲೆ ಒಂದು ಹೋಳಿಗೆಯ ಬದಲು ಎರಡು ಬಿದ್ದಾಗ ಮೌನವ್ರತ ಹಿಡಿಯುವುದನ್ನು ಯಾರು ಕಂಡಿಲ್ಲ? ಹಣದ ವಹಿಯಲ್ಲಿ ತಪ್ಪಾದರೆ ವರ್ಷದ ಕೊನೆಗೆ ಯಾರಾದರೊಬ್ಬರು ಬಂದು ಕೇಳುತ್ತಾರೆ. ದೇಹದ ವಹಿಯಲ್ಲಿ ತಪ್ಪಾದರೆ ಕೇಳುವವರು ತಡವಾಗಿ ಬರುತ್ತಾರೆ. ಬಂದಾಗ ಸಾಮಾನ್ಯವಾಗಿ ಬಿಳಿಯ ಅಂಗಿ ತೊಟ್ಟು, ಕೊರಳಲ್ಲಿ ಸ್ಟೆತಾಸ್ಕೋಪು ಹಾಕಿಕೊಂಡಿರುತ್ತಾರೆ.

ಬಸವಕಲ್ಯಾಣದ ಆ ಲೆಕ್ಕಿಗರ ಬಾಳಿನಲ್ಲಿ ಆದದ್ದೂ ಹೀಗೆಯೇ. ಲೆಕ್ಕಕ್ಕೆ ಹೆಸರಾದ ಊರು ಅದು. ೧೯೫೬ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಕಲ್ಯಾಣಿ ಎಂಬ ಹೆಸರು ಬಸವಕಲ್ಯಾಣವಾದದ್ದು ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ನೆನಪಿಗಾಗಿ. ಭಂಡಾರಿ ಬಸವಣ್ಣನ ಊರಿನವರೆಂಬ ಅಭಿಮಾನ ಲೆಕ್ಕಿಗರಿಗೂ ಇತ್ತು. ಅವರ ಕಚೇರಿ ಇರುವುದು ಸುಮಾರು ೩೦ ಕಿಲೋಮೀಟರು ದೂರದ ಹುಮನಾಬಾದದಲ್ಲಿ. ಇಪ್ಪತ್ತೈದು ವರ್ಷಗಳಿಂದ ಬೆಳಿಗ್ಗೆ ಬಸ್ಸಿನಲ್ಲಿ ಕುಳಿತು ಹೋಗುವುದು, ಕಚೇರಿಯಲ್ಲಿ ಕುಳಿತು ಬಿಲ್ಲುಗಳನ್ನು ತಪಾಸಣೆ ಮಾಡುವುದು, ಸಂಜೆ ಬಸ್ಸಿನಲ್ಲಿ ಕುಳಿತು ಬರುವುದು. ಮೂರೂ ಕೆಲಸಗಳಲ್ಲಿ ಸಮಾನವಾದುದು ಕುಳಿತುಕೊಳ್ಳುವುದೇ. ವಯಸ್ಸು ೫೨, ಎತ್ತರ ೧೬೮ ಸೆಂಟಿಮೀಟರು, ತೂಕ ೮೪ ಕಿಲೋ.

ಊರಿನ ವೈದ್ಯರು ರಕ್ತ ಪರೀಕ್ಷೆಯ ಚೀಟಿಯನ್ನು ಮುಂದಿಟ್ಟರು. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುವ ಅಂಕಿ ೬.೩ ಎಂದಿತ್ತು. ೬.೫ನ್ನು ಮುಟ್ಟಿದರೆ ಸಕ್ಕರೆ ಕಾಯಿಲೆ. “ಇನ್ನೂ ಹೊಸ್ತಿಲಿನ ಈಚೆ ಇದ್ದೀರಿ. ಐದಾರು ಕಿಲೋ ಇಳಿಸಿದರೆ ಈಚೆಯೇ ಉಳಿಯಬಹುದು” ಎಂದರು ವೈದ್ಯರು.

ಹೊಸ್ತಿಲಿನ ಆಚೆ ಏನಿದೆಯೆಂಬುದನ್ನು ಲೆಕ್ಕಿಗರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರ ತಂದೆ ಪ್ರತಿ ಜನವರಿಯಲ್ಲಿ ಹುಮನಾಬಾದದ ವೀರಭದ್ರೇಶ್ವರನ ಜಾತ್ರೆಗೆ ನಡೆದೇ ಹೋಗುತ್ತಿದ್ದವರು. ಸಕ್ಕರೆ ಕಾಯಿಲೆಯಲ್ಲಿ ಕಾಲಿನ ಹುಣ್ಣು ಮಾಯದೆ ಬಲಪಾದವನ್ನು ಕಳೆದುಕೊಂಡರು. ಕೊನೆಯ ನಾಲ್ಕು ವರ್ಷ ಪಡಸಾಲೆಯ ಕಿಟಕಿಯ ಬಳಿ ಕುಳಿತು, ಬೀದಿಯಲ್ಲಿ ಹೋಗುವವರ ಕಾಲುಗಳನ್ನು ನೋಡುತ್ತಿದ್ದರು, ಮುಖಗಳನ್ನಲ್ಲ. ಆ ಕಿಟಕಿ ಇಂದಿಗೂ ಅಲ್ಲಿಯೇ ಇದೆ.

ಹೈದರಾಬಾದಿನಲ್ಲಿ ಓದುತ್ತಿದ್ದ ಮಗಳು ಸುದ್ದಿ ಕೇಳಿ ಒಂದು ಕೈಗಡಿಯಾರವನ್ನು ತಂದುಕೊಟ್ಟಳು. ಹೆಜ್ಜೆಯನ್ನು ಎಣಿಸುವ, ನಾಡಿಯನ್ನು ಹಿಡಿಯುವ, ಖರ್ಚಾದ ಕ್ಯಾಲೊರಿಯನ್ನು ಹೇಳುವ ಗಡಿಯಾರ. ಅದಕ್ಕೆ ಜೊತೆಯಾಗಿ ಫೋನಿನಲ್ಲಿ ಒಂದು ಲೆಕ್ಕದ ಪುಟ. ಕ್ಯಾಲೊರಿಯೆಂದರೆ ಬೇರೇನೂ ಅಲ್ಲ; ಒಂದು ಕಿಲೋ ನೀರನ್ನು ಒಂದು ಡಿಗ್ರಿಯಷ್ಟು ಬಿಸಿಮಾಡಲು ಬೇಕಾದ ಶಕ್ತಿ. ತಿಂದದ್ದು ಜಮೆ, ಉರಿಸಿದ್ದು ಖರ್ಚು. ಉಳಿಕೆ ಸೊಂಟದ ಸುತ್ತ. ಇದನ್ನು ಕೇಳಿದೊಡನೆ ಲೆಕ್ಕಿಗರ ಮುಖ ಅರಳಿತು. ತಮ್ಮ ಕಸುಬಿನ ಭಾಷೆಯನ್ನೇ ದೇಹವೂ ಆಡುತ್ತದೆಂದು ಅವರು ಅದುವರೆಗೆ ಭಾವಿಸಿರಲಿಲ್ಲ.

ಫೋನಿನ ಪುಟ ವಯಸ್ಸು, ಎತ್ತರ, ತೂಕಗಳನ್ನು ಕೇಳಿತು. ೧೯೯೦ರಲ್ಲಿ ಮಿಫ್ಲಿನ್, ಸೇಂಟ್ ಜಿಯೋರ್ ಮೊದಲಾದವರು ಪ್ರಕಟಿಸಿದ ಸೂತ್ರವೊಂದಿದೆ. ತೂಕವನ್ನು ೧೦ರಿಂದಲೂ ಎತ್ತರವನ್ನು ೬.೨೫ರಿಂದಲೂ ಗುಣಿಸಿ ಕೂಡಿ, ವಯಸ್ಸಿನ ಐದರಷ್ಟನ್ನು ಕಳೆದು, ಗಂಡಸಾದರೆ ೫ನ್ನು ಸೇರಿಸಬೇಕು. ಲೆಕ್ಕಿಗರಿಗೆ ಬಂದದ್ದು ೧,೬೩೫. ದಿನವಿಡೀ ಹಾಸಿಗೆಯ ಮೇಲೆ ಮಲಗಿದ್ದರೂ ಉಸಿರಾಟಕ್ಕೆ, ಹೃದಯಕ್ಕೆ, ಮೆದುಳಿಗೆ ಅವರ ದೇಹ ಮಾಡುವ ಖರ್ಚು ಇಷ್ಟು. ಆಮೇಲೆ ಪುಟ ಇನ್ನೊಂದು ಪ್ರಶ್ನೆ ಕೇಳಿತು: ನಿಮ್ಮದು ಕುಳಿತ ಬಾಳೋ, ಲಘು ಚಟುವಟಿಕೆಯೋ, ಮಧ್ಯಮವೋ, ಕಠಿಣವೋ? ಕುಳಿತ ಬಾಳಾದರೆ ಮೂಲ ಖರ್ಚನ್ನು ೧.೨ರಿಂದ ಗುಣಿಸುವುದು, ಲಘುವಾದರೆ ೧.೩೭೫ರಿಂದ. ನಾಳೆಯಿಂದ ನಿತ್ಯ ಒಂದು ತಾಸು ನಡೆಯುವವನು ಕುಳಿತ ಬಾಳಿನವನು ಹೇಗಾದಾನು? ಲೆಕ್ಕಿಗರು ಧೈರ್ಯವಾಗಿ ‘ಲಘು ಚಟುವಟಿಕೆ’ಯನ್ನು ಒತ್ತಿದರು. ೨,೨೫೦ ಬಂತು. ತೂಕ ಇಳಿಯಲು ಅದರಲ್ಲಿ ೫೦೦ನ್ನು ಕಡಿತ ಮಾಡಿ, ದಿನಕ್ಕೆ ೧,೭೫೦ರ ಮಿತಿಯನ್ನು ಪುಟ ಗೊತ್ತುಮಾಡಿತು.

ಮರುದಿನದಿಂದ ನಡಿಗೆ ಪ್ರಾರಂಭವಾಯಿತು. ಬೆಳಗಿನ ಐದೂವರೆಗೆ ಎದ್ದು ತ್ರಿಪುರಾಂತ ಕೆರೆಯ ದಂಡೆಗೆ ಹೋಗುವರು. ನುಲಿಯ ಚಂದಯ್ಯನ ಗವಿಯ ಕಡೆ ಕತ್ತಲು ಇನ್ನೂ ಕರಗಿರುತ್ತಿರಲಿಲ್ಲ. ಹಗ್ಗ ಹೊಸೆದು ಮಾರಿ ಬಾಳಿದ ಆ ಶರಣನಿಗೆ ಒಂದು ದಿನಕ್ಕೆ ಎಷ್ಟು ಕ್ಯಾಲೊರಿ ಖರ್ಚಾಗುತ್ತಿತ್ತೋ ಎಂಬ ವಿಚಾರವೂ ಒಮ್ಮೆ ಲೆಕ್ಕಿಗರ ತಲೆಯಲ್ಲಿ ಬಂದದ್ದುಂಟು. ಒಂದು ತಾಸು ತಿರುಗಿ ಮನೆಗೆ ಬರುವ ವೇಳೆಗೆ ಗಡಿಯಾರ ೪೦೦ ಎಂದು ತೋರಿಸುವುದು. ಬಾಗಿಲಲ್ಲಿಯೇ ಮನೆಯಾಕೆಯ ಪ್ರಶ್ನೆ:

“ಏನ್ರೀ, ಇವತ್ತ ಎಷ್ಟ ಗಳಿಸಿದ್ರಿ?”

“ನಾನೂರು!”

ಗಳಿಸಿದ ಮೇಲೆ ಬಳಸಬೇಡವೆ? ಫೋನಿನ ಪುಟವೂ ಅದಕ್ಕೆ ಒಪ್ಪಿಗೆಯಿತ್ತಿತ್ತು. ಗಡಿಯಾರದ ೪೦೦ನ್ನು ತಾನಾಗಿಯೇ ಸೇರಿಸಿಕೊಂಡು, ಮಿತಿಯನ್ನು ೨,೧೫೦ಕ್ಕೆ ಏರಿಸಿ ತೋರಿಸುತ್ತಿತ್ತು. ಹುಮನಾಬಾದದ ಬಸ್ ನಿಲ್ದಾಣದ ಬಳಿ ಸಂಜೆ ಬಿಸಿ ಎಣ್ಣೆಯಿಂದ ಏಳುವ ಮಿರ್ಚಿ ಭಜಿಯ ಪರಿಮಳವನ್ನು ಬಲ್ಲವರು ಲೆಕ್ಕಿಗರನ್ನು ಜರಿಯಲಾರರು. ಎರಡು ದೊಡ್ಡ ಭಜಿ, ಒಂದು ಕಪ್ಪು ಸಕ್ಕರೆಯ ಚಹಾ. ಎಣ್ಣೆ ಗ್ರಾಮಿಗೆ ೯ ಕ್ಯಾಲೊರಿ. ಕಡಲೆ ಹಿಟ್ಟು, ಸಕ್ಕರೆ ಗ್ರಾಮಿಗೆ ೪ರ ಆಸುಪಾಸು. ಭಜಿ ಕುಡಿದ ಎಣ್ಣೆ ೨೦ ಗ್ರಾಮಾದರೆ ಅದೊಂದೇ ೧೮೦ ಆಯಿತು. ಮುಂಜಾನೆಯ ಒಂದು ತಾಸಿನ ಬೆವರು ಸಂಜೆಯ ಹತ್ತು ನಿಮಿಷದಲ್ಲಿ ಚುಕ್ತಾ ಆಗುತ್ತಿತ್ತು. ಆದರೇನು, ಗಳಿಸಿದ್ದನ್ನು ತಾನೆ ತಿಂದದ್ದು? ಆದಿತ್ಯವಾರ ಭಜಿಯ ಬದಲು ಹೂರಣದ ಹೋಳಿಗೆ. “ಇನ್ನ ನೂರೈವತ್ತು ಉಳದದ, ಅರ್ಧ ಹಾಕು” ಎಂದು ಅವರು ತಟ್ಟೆ ಮುಂದೆ ಮಾಡುವಾಗ, ಅಡುಗೆಮನೆಯ ಸೆಕೆಯಲ್ಲಿ ಮೂರು ತಾಸು ನಿಂತ ಆಕೆಯ ಬೆವರನ್ನು ಯಾವ ವಹಿಯಲ್ಲಿ ಬರೆಯಬೇಕೆಂಬ ಪ್ರಶ್ನೆ ಅವರಿಗೆ ಹೊಳೆದಿರಲಿಲ್ಲ.

ಮೂರು ತಿಂಗಳು ಕಳೆದುವು. ಒಂದು ದಿನವೂ ನಡಿಗೆ ತಪ್ಪಲಿಲ್ಲ. ಒಂದು ದಿನವೂ ಮಿತಿ ಮೀರಲಿಲ್ಲ. ತಕ್ಕಡಿಯ ಮೇಲೆ ನಿಂತರು: ೮೪.

ಲೆಕ್ಕಿಗರು ತಕ್ಕಡಿಯನ್ನೇ ಸಂದೇಹಿಸಿದರು. ಕಿರಾಣಿ ಅಂಗಡಿಯಿಂದ ಬಂದ ೧೦ ಕಿಲೋ ಜೋಳದ ಚೀಲವನ್ನು ಅದರ ಮೇಲಿಟ್ಟರು. ತಕ್ಕಡಿ ನಿರ್ದಾಕ್ಷಿಣ್ಯವಾಗಿ ೧೦ ಎಂದಿತು. ಹುಮನಾಬಾದದಲ್ಲಿ ಇನ್ನೊಂದು ಯಂತ್ರವನ್ನು ಹತ್ತಿ ನೋಡಿದರು. ಅದು ೮೪ರ ಮೇಲೆ ಇನ್ನೂ ೩೦೦ ಗ್ರಾಮನ್ನು ಉದಾರವಾಗಿ ಸೇರಿಸಿಕೊಟ್ಟಿತು. ಆ ರಾತ್ರಿ ಲೆಕ್ಕಿಗರು ಬಹಳ ಹೊತ್ತು ತಂದೆಯ ಕಿಟಕಿಯ ಬಳಿ ಕುಳಿತಿದ್ದರು. ಕೆಲವರ ಹಣೆಯಲ್ಲಿ ಈ ಕಾಯಿಲೆ ಬರೆದೇ ಇರುತ್ತದೆಯೋ ಏನೋ, ನಡೆದು ಏನು ಫಲ ಎಂಬ ಮಾತು ಅವರ ಮನಸ್ಸಿನಲ್ಲಿ ಸುಳಿಯಿತು. ತಪ್ಪು ಲೆಕ್ಕದಿಂದ ಆಗುವ ದೊಡ್ಡ ನಷ್ಟ ಇದೇ. ಅದು ಮೊದಲು ತೂಕವನ್ನು ಉಳಿಸುತ್ತದೆ. ಆಮೇಲೆ ಪ್ರಯತ್ನದ ಮೇಲಿನ ನಂಬಿಕೆಯನ್ನೇ ಕಳೆಯುತ್ತದೆ.

ಬಿಡುಗಡೆ ಬಂದದ್ದು ಅನಿರೀಕ್ಷಿತವಾದ ದಿಕ್ಕಿನಿಂದ. ಕಚೇರಿಯಲ್ಲಿ ನೌಕರರೊಬ್ಬರ ಪ್ರಯಾಣದ ಬಿಲ್ಲು ತಪಾಸಣೆಗೆ ಬಂದಿತ್ತು. ಸುತ್ತಲಿನ ಹಳ್ಳಿಗಳಿಗೆ ಹೋಗಿಬರುವುದಕ್ಕೆಂದು ಅವರಿಗೆ ತಿಂಗಳಿಗಿಷ್ಟೆಂದು ಕಾಯಂ ಪ್ರಯಾಣ ಭತ್ಯೆ ಸಲ್ಲುತ್ತಿತ್ತು. ಅದೇ ಹಳ್ಳಿಗಳ ಬಸ್ಸಿನ ಟಿಕೆಟ್ಟುಗಳನ್ನು ಅವರು ಪ್ರತ್ಯೇಕವಾಗಿ ಲಗತ್ತಿಸಿ ಮತ್ತೆ ಹಣ ಕೇಳಿದ್ದರು. ಲೆಕ್ಕಿಗರು ಕೆಂಪು ಶಾಯಿಯಲ್ಲಿ ಬರೆದರು: ‘ಭತ್ಯೆಯಲ್ಲಿಯೇ ಅಡಕವಾಗಿದೆ. ಪ್ರತ್ಯೇಕ ಪಾವತಿಗೆ ಅವಕಾಶವಿಲ್ಲ.’

ನೌಕರರಿಗೆ ದುಃಖವಾಯಿತು. “ಸಾಹೇಬ್ರ, ನಾ ಹೋಗಿದ್ದು ಖರೆ ಅದ. ಬಿಸಿಲಾಗ ಹೋಗೀನಿ.”

“ಹೋಗಿದ್ದು ಖರೆ. ಆದ್ರ ಹೋಗಿದ್ದು ಒಂದೇ ಸಲ” ಎಂದರು ಲೆಕ್ಕಿಗರು.

ಸಂಜೆಯ ಬಸ್ಸು ಹೆದ್ದಾರಿಯನ್ನು ಬಿಟ್ಟು ಸಸ್ತಾಪುರ ಬಂಗ್ಲಾದ ಬಳಿ ಊರಿನ ಕಡೆಗೆ ತಿರುಗುವಾಗ, ಆ ಮಾತು ತಿರುಗಿ ಅವರನ್ನೇ ಬಂದು ಹಿಡಿಯಿತು. ತಾವೂ ನಡೆದದ್ದು ಖರೆ. ಆದರೆ ನಡೆದದ್ದು ಒಂದೇ ಸಲ. ‘ಲಘು ಚಟುವಟಿಕೆ’ಯನ್ನು ಒತ್ತಿದ ದಿನವೇ ಆ ನಡಿಗೆಯ ಭತ್ಯೆ ಮಿತಿಯಲ್ಲಿ ಸೇರಿಹೋಗಿತ್ತು. ಪ್ರತಿ ಮುಂಜಾನೆ ಗಡಿಯಾರದ ಟಿಕೆಟ್ಟನ್ನು ಲಗತ್ತಿಸಿ, ಅದೇ ನಡಿಗೆಗೆ ಎರಡನೆಯ ಬಿಲ್ಲನ್ನು ಮಾಡುತ್ತಿದ್ದವರು ತಾವೇ! ಇಪ್ಪತ್ತೈದು ವರ್ಷ ಇತರರ ಬಿಲ್ಲುಗಳಲ್ಲಿ ಹಿಡಿದ ತಪ್ಪನ್ನು ತೊಂಬತ್ತು ದಿನ ತಮ್ಮ ಮನೆಯಲ್ಲಿಯೇ ನಡೆಯಗೊಟ್ಟಿದ್ದರು.

ಆ ರಾತ್ರಿ ವಹಿ ಬಿಚ್ಚಿತು. ಕುಳಿತ ಬಾಳೆಂದು ಹಿಡಿದರೆ ದಿನದ ಖರ್ಚು ೧,೬೩೫ರ ೧.೨ರಷ್ಟು, ಅಂದರೆ ೧,೯೬೨. ಅದಕ್ಕೆ ನಡಿಗೆಯನ್ನು ಸೇರಿಸಬೇಕು. ತಾಸಿಗೆ ಐದು ಕಿಲೋಮೀಟರಿನ ಒಳಗಿನ ನಡಿಗೆಗೆ, ಸುಮ್ಮನೆ ಕುಳಿತಾಗಿನ ಖರ್ಚಿನ ಸುಮಾರು ಮೂರೂವರೆ ಪಟ್ಟು ಶಕ್ತಿ ಬೇಕು. ಕುಳಿತಾಗ ಕಿಲೋ ತೂಕಕ್ಕೆ ತಾಸಿಗೆ ಹೆಚ್ಚುಕಡಿಮೆ ಒಂದು ಕ್ಯಾಲೊರಿ. ಆದ್ದರಿಂದ ೮೪ ಕಿಲೋದವರಿಗೆ ೨೯೦ರ ಆಸುಪಾಸು. ಗಡಿಯಾರ ಹೇಳಿದ್ದು ೪೦೦. ಅಷ್ಟೇ ಅಲ್ಲ. ಆ ೨೯೦ರಲ್ಲಿಯೂ ೭೫ರಷ್ಟು, ಆ ತಾಸನ್ನು ಕುರ್ಚಿಯ ಮೇಲೆ ಕಳೆದಿದ್ದರೂ ಖರ್ಚಾಗುತ್ತಿದ್ದದ್ದೇ. ಅದು ೧,೯೬೨ರಲ್ಲಿ ಆಗಲೇ ಸೇರಿದೆ. ನಡಿಗೆಯ ನಿಜವಾದ ಹೆಚ್ಚುವರಿ ಖರ್ಚು ೨೧೫. ಒಟ್ಟು ಖರ್ಚು ೨,೧೭೭, ತಿನ್ನುತ್ತಿದ್ದದ್ದು ೨,೧೫೦. ದಿನಕ್ಕೆ ೨೭ರ ಉಳಿತಾಯ! ಒಂದು ಕಿಲೋ ಕೊಬ್ಬಿಗೆ ೭,೭೦೦ ಕ್ಯಾಲೊರಿಯೆಂದು ಸ್ಥೂಲವಾಗಿ ಹಿಡಿಯುವುದು ವಾಡಿಕೆ. ಈ ದರದಲ್ಲಿ ಒಂದು ಕಿಲೋ ಇಳಿಯಬೇಕಾದರೆ ಒಂಬತ್ತು ತಿಂಗಳಿಗೂ ಮೀರುತ್ತಿತ್ತು. ಹಣೆಬರಹದ ಪಾಲು ಇದರಲ್ಲಿ ಏನೂ ಇರಲಿಲ್ಲ. ತಕ್ಕಡಿಯೂ ಸತ್ಯವನ್ನೇ ಹೇಳುತ್ತಿತ್ತು.

ಗಡಿಯಾರದ ಸಾಕ್ಷಿಯ ಬೆಲೆ ಎಷ್ಟೆಂಬುದು ಮುಂದಿನ ರಜೆಯಲ್ಲಿ ಮಗಳು ಬಂದಾಗ ಬಯಲಾಯಿತು. ಅಪ್ಪನ ಕೈಯಿಂದ ಅದನ್ನು ಬಿಚ್ಚಿ ಅವ್ವನ ಮುಂಗೈಗೆ ಕಟ್ಟಿದಳು. ಅವ್ವ ಒಲೆಯ ಮುಂದೆ ಕುಳಿತು, ಹಿಟ್ಟು ನಾದಿ, ಒಂದಾದ ಮೇಲೊಂದರಂತೆ ಜೋಳದ ರೊಟ್ಟಿಯನ್ನು ಬಡಿದಳು. ಹದಿನಾಲ್ಕು ರೊಟ್ಟಿ ಮುಗಿಯುವ ವೇಳೆಗೆ ಗಡಿಯಾರ ಸಾವಿರಕ್ಕೂ ಹೆಚ್ಚು ಹೆಜ್ಜೆಯನ್ನು ಎಣಿಸಿತ್ತು. ಬಡಿಯುವ ಕೈಯನ್ನು ಅದು ನಡೆಯುವ ಕಾಲೆಂದು ತಿಳಿದಿತ್ತು.

“ಅಯ್ಯ, ನಾ ಕುಂತಲ್ಲೇ ಹುಮನಾಬಾದಕ್ಕ ಹೋಗಿ ಬಂದೆ ನೋಡ್ರಿ” ಎಂದು ಆಕೆ ನಕ್ಕಳು. ಮನೆಯೆಲ್ಲ ನಕ್ಕಿತು. ಆದರೆ ಲೆಕ್ಕಿಗರ ನಗೆ ಅರ್ಧದಲ್ಲಿಯೇ ನಿಂತಿತು. ಆ ಮನೆಯಲ್ಲಿ ಬೆವರಿಗೆ ಪ್ರತಿಫಲ ಕೇಳಿದವರು ತಾವೊಬ್ಬರೇ ಎಂಬುದು ಅವರಿಗೆ ಆಗ ಕಂಡಿತು.

ಗಡಿಯಾರದ ದೋಷ ಆ ಒಂದೇ ಗಡಿಯಾರದ್ದಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ೨೦೧೭ರಲ್ಲಿ ಇಂಥ ಏಳು ಬಗೆಯ ಸಾಧನಗಳನ್ನು ಪರೀಕ್ಷಿಸಿದರು. ನಾಡಿಯನ್ನು ಬಹುಮಟ್ಟಿಗೆ ಸರಿಯಾಗಿಯೇ ಹೇಳಿದುವು. ಕ್ಯಾಲೊರಿಯ ವಿಷಯದಲ್ಲಿ ಮಾತ್ರ, ಎಲ್ಲಕ್ಕಿಂತ ಮೇಲಾದುದೇ ಸರಾಸರಿ ನೂರಕ್ಕೆ ೨೭ರಷ್ಟು ತಪ್ಪಿತು. ಎಲ್ಲಕ್ಕಿಂತ ಕೆಳಗಿನದು ನೂರಕ್ಕೆ ೯೩ರಷ್ಟು. ದೇಹವಾದರೂ ಸಾಮಾನ್ಯ ಗುಮಾಸ್ತನಲ್ಲ. ಟಾಂಜಾನಿಯಾದ ಹಾಡ್ಜಾ ಎಂಬ ಬೇಟೆಗಾರ ಜನರನ್ನು ಹರ್ಮನ್ ಪಾಂಟ್ಜರ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಅಳೆದು ೨೦೧೨ರಲ್ಲಿ ಪ್ರಕಟಿಸಿದ ಫಲಿತಾಂಶ ಅನೇಕರನ್ನು ಬೆರಗುಗೊಳಿಸಿತು. ದಿನವೆಲ್ಲ ನಡೆದಾಡುವ ಆ ಜನರ ಒಟ್ಟು ಖರ್ಚು, ಶರೀರದ ಗಾತ್ರವನ್ನು ಗಣನೆಗೆ ತೆಗೆದುಕೊಂಡರೆ, ಪಾಶ್ಚಾತ್ಯ ನಗರವಾಸಿಗಳ ಖರ್ಚಿಗಿಂತ ಬೇರೆಯಾಗಿರಲಿಲ್ಲ. ಒಂದು ಕಡೆ ವ್ಯಯವಾದರೆ ದೇಹ ಇನ್ನೊಂದು ಕಡೆ ಕೈ ಬಿಗಿಹಿಡಿಯುವಂತೆ ತೋರುತ್ತದೆ. ನಡಿಗೆಯನ್ನು ಆರಂಭಿಸಿದ ಮೇಲೆ ಆದಿತ್ಯವಾರದ ಮಧ್ಯಾಹ್ನ ತಾವು ಒಂದು ತಾಸು ಹೆಚ್ಚಾಗಿ ಮಲಗುತ್ತಿದ್ದುದು ಲೆಕ್ಕಿಗರಿಗೆ ನೆನಪಾಯಿತು.

ಹಾಗಾದರೆ ದುಡಿಮೆಗೆ ಅನ್ನದ ಲೆಕ್ಕದಲ್ಲಿ ಸ್ಥಾನವೇ ಇಲ್ಲವೆ? ಉಂಟು. ಲೆಕ್ಕಿಗರ ಊರಿನಲ್ಲಿಯೇ ಅದಕ್ಕೆ ಒಂಬೈನೂರು ವರ್ಷದ ಆಧಾರವಿದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಅಡುಗೆಗೆ ಮೀಸಲಾದ ಅನ್ನಭೋಗವೆಂಬ ಭಾಗವಿದ್ದಂತೆಯೇ, ಕುಸ್ತಿಗೆ ಮೀಸಲಾದ ಮಲ್ಲವಿನೋದವೆಂಬ ಭಾಗವೂ ಇದೆ; ಮಲ್ಲರ ಅಭ್ಯಾಸದೊಡನೆ ಅವರ ಆಹಾರದ ಮಾತೂ ಅಲ್ಲಿ ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ೨೦೨೦ರ ಪಟ್ಟಿಯೂ ಇದನ್ನೇ ಅಂಕಿಗಳಲ್ಲಿ ಹೇಳುತ್ತದೆ. ೬೫ ಕಿಲೋ ತೂಕದ ಗಂಡಸು ಕುಳಿತು ಕೆಲಸ ಮಾಡುವವನಾದರೆ ದಿನಕ್ಕೆ ೨,೧೧೦. ಮಧ್ಯಮ ದುಡಿಮೆಯವನಾದರೆ ೨,೭೧೦. ಕಠಿಣ ದುಡಿಮೆಯವನಾದರೆ ೩,೪೭೦. ಹೊಲದಲ್ಲಿ ದಿನವಿಡೀ ಕಬ್ಬು ಕಡಿಯುವವನು ಹೊಟ್ಟೆ ತುಂಬ ಉಣ್ಣಲೇಬೇಕು. ಆದರೆ ಈ ಪಟ್ಟಿಯಲ್ಲಿ ದುಡಿಮೆ ಅಂಕಿಯ ಒಳಗೇ ಇದೆಯೆಂಬುದನ್ನು ಗಮನಿಸಬೇಕು. ಅದನ್ನು ಹೊರಗಿನಿಂದ ಮತ್ತೊಮ್ಮೆ ಸೇರಿಸುವಂತಿಲ್ಲ.

ಆದ್ದರಿಂದ ಮಾರ್ಗಗಳು ಎರಡು. ಬಾಳು ಕುಳಿತದ್ದೆಂದು ಮೊದಲು ಒಪ್ಪಿಕೊಂಡು, ವ್ಯಾಯಾಮ ಮಾಡಿದ ದಿನ ಮಾತ್ರ ಅದರ ಖರ್ಚನ್ನು ಸೇರಿಸುವುದು ಒಂದು. ಗಡಿಯಾರದ ಮಾತನ್ನೇ ಹಿಡಿಯುವುದಾದರೆ ಅದು ಹೇಳಿದ್ದರಲ್ಲಿ ಅರ್ಧವನ್ನು ಹಿಡಿದರೆ ಕ್ಷೇಮ. ನಿತ್ಯದ ವ್ಯಾಯಾಮವನ್ನು ಮೊದಲೇ ಮಿತಿಯಲ್ಲಿ ಅಡಕಮಾಡಿ, ಆಮೇಲೆ ಗಡಿಯಾರ ಏನೆಂದರೂ ಕಿವಿಗೊಡದಿರುವುದು ಇನ್ನೊಂದು. ಲೆಕ್ಕಿಗರ ವಿಷಯದಲ್ಲಿ ಮೊದಲನೆಯ ದಾರಿ ೧,೬೭೭ಕ್ಕೆ ಮುಟ್ಟಿತು, ಎರಡನೆಯದು ೧,೭೫೦ಕ್ಕೆ. ಎರಡು ಹಾದಿಗಳೂ ಹೆಚ್ಚುಕಡಿಮೆ ಒಂದೇ ಊರಿಗೆ ಹೋಗುತ್ತವೆ. ಎರಡರ ಮೇಲೂ ಒಟ್ಟಿಗೆ ನಡೆಯಹೋದವನು ಮಾತ್ರ ಎಲ್ಲಿಗೂ ತಲುಪುವುದಿಲ್ಲ. ಸೂತ್ರಗಳೂ ಅಂದಾಜುಗಳೇ. ಮೂರು ವಾರ ತೂಗಿ ನೋಡಿದ ತಕ್ಕಡಿಯೇ ಕೊನೆಯ ತಪಾಸಣೆಗಾರ. ತೂಕ ಇಳಿದಂತೆ ಖರ್ಚೂ ಇಳಿಯುತ್ತದೆ; ಹತ್ತು ಕಿಲೋ ಕರಗಿದವನ ಮೂಲ ಖರ್ಚಿನಲ್ಲಿಯೇ ನೂರು ಕಡಿಮೆಯಾಗುವುದರಿಂದ ಮಿತಿಯನ್ನು ಆಗಾಗ ತಿದ್ದಬೇಕು. ಸಕ್ಕರೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರಂತೂ ವೈದ್ಯರನ್ನು ಕೇಳದೆ ಊಟಕ್ಕೆ ಕತ್ತರಿ ಹಾಕಬಾರದು.

ಲೆಕ್ಕಿಗರು ಎರಡನೆಯ ದಾರಿಯನ್ನು ಆರಿಸಿಕೊಂಡರು. ಅದನ್ನು ಆರಿಸಿಕೊಂಡದ್ದು ಅಂಕಗಣಿತದ ಬಲದಿಂದ ಮಾತ್ರವಲ್ಲ. ಆಯ್ದಕ್ಕಿ ಮಾರಯ್ಯನ ಕಥೆಯನ್ನು ಕಲ್ಯಾಣದ ಮಕ್ಕಳು ತೊಟ್ಟಿಲಿನಿಂದ ಕೇಳಿರುತ್ತಾರೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ತಂದ. ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ಇಷ್ಟು ನಮಗೇಕೆ ಎಂದು ಕೇಳಿ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಮಾರಯ್ಯ ಆ ಅಕ್ಕಿಯನ್ನು ಕದ್ದಿರಲಿಲ್ಲ. ಬೆನ್ನು ಬಾಗಿಸಿ ಆಯ್ದದ್ದೇ. ಆದರೂ ಅದು ಆ ದಿನದ ಅಗತ್ಯವನ್ನು ಮೀರಿತ್ತು. ನಡಿಗೆಯ ಫಲವೂ ಹಾಗೆಯೇ. ಹೃದಯಕ್ಕೆ, ನಿದ್ರೆಗೆ, ರಕ್ತದ ಸಕ್ಕರೆಗೆ ಸಲ್ಲಬೇಕಾದುದು ಅಲ್ಲಿಗಲ್ಲಿಗೆ ಸಂದುಹೋಗುತ್ತದೆ. ಅದನ್ನು ಭಜಿಯಾಗಿ ಮಾರ್ಪಡಿಸಿಕೊಂಡು ಮನೆಗೆ ತರಲೇಬೇಕೆಂಬ ಕಟ್ಟಳೆಯಿಲ್ಲ.

ಮುಂದಿನ ಐದು ತಿಂಗಳಲ್ಲಿ ತೂಕ ೭೯ಕ್ಕೆ ಬಂತು. ಲೆಕ್ಕದ ಪ್ರಕಾರ ಇನ್ನೂ ಇಳಿಯಬೇಕಾಗಿತ್ತು. ನಡುವೆ ಮಾಣಿಕನಗರದಲ್ಲಿ ದತ್ತ ಜಯಂತಿಯ ಪ್ರಸಾದ, ಜನವರಿಯಲ್ಲಿ ವೀರಭದ್ರೇಶ್ವರನ ಜಾತ್ರೆ ಬಂದು ಹೋದುವು. ಆ ದಿನಗಳ ಹೋಳಿಗೆಯನ್ನು ಲೆಕ್ಕಿಗರು ಲೆಕ್ಕವಿಲ್ಲದೆ ಉಂಡರು. ರಕ್ತದ ಅಂಕಿ ೫.೯ಕ್ಕೆ ಇಳಿಯಿತು. ವೈದ್ಯರು ಚೀಟಿಯನ್ನು ನೋಡಿ “ಇದನ್ನೇ ಮುಂದುವರಿಸಿ” ಎಂದರು.

ಈಗ ಆದಿತ್ಯವಾರದ ರೊಟ್ಟಿಯ ಹಿಟ್ಟನ್ನು ನಾದಿಕೊಡುವ ಕೆಲಸ ಲೆಕ್ಕಿಗರದು. ಬಡಿಯುವ ವಿದ್ಯೆ ಇನ್ನೂ ಕೈಗೆ ಬಂದಿಲ್ಲ. ಗಡಿಯಾರ ಮೇಜಿನ ಖಾನೆಯಲ್ಲಿ ಸದ್ದಿಲ್ಲದೆ ಮಲಗಿದೆ. ಒಂದು ಮುಂಜಾನೆ ಕೆರೆಯ ದಂಡೆಯಿಂದ ತಿರುಗಿ ಬಂದಾಗ, ಮನೆಯಾಕೆ ಹಳೆಯ ರೂಢಿಯಂತೆ ಬಾಗಿಲಲ್ಲಿ ನಿಂತು ಕೇಳಿದಳು:

“ಏನ್ರೀ, ಇವತ್ತ ಎಷ್ಟ ಗಳಿಸಿದ್ರಿ?”

ಲೆಕ್ಕಿಗರು ಚಪ್ಪಲಿ ಬಿಡುತ್ತ ಹೇಳಿದರು: “ಗಳಿಸಿದ್ದು ಕೆರಿ ದಂಡಿ ಮ್ಯಾಲೇ ಬಿಟ್ಟ ಬಂದೀನಿ.”